ಮುಂದಿನ ಬುರುಜಿನವರೆಗೆ

ಆ ಹಳೆಯ ಕ್ಯಾರವಾನನ್ನು ಮೆಕ್ಯಾನಿಕ್ ಕೊಂಡದ್ದು ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರಿಂದ. ಮೇಷ್ಟ್ರ ಮನೆಯ ಹಿಂದೆ ಟಾರ್ಪಾಲಿನಡಿ ಅದು ಬಹಳ ಕಾಲದಿಂದ ನಿಂತಿತ್ತು. ಮೇಷ್ಟ್ರು ಬಾಗಿಲಲ್ಲೇ ನಿಂತು ಕೀ ಕೊಟ್ಟರು. ಇಂಜಿನ್ನು ಚೆನ್ನಾಗಿದೆ, ತೊಗೊಂಡು ಹೋಗಿ ಎಂದಷ್ಟೇ ಹೇಳಿ ಒಳಗೆ ನಡೆದುಬಿಟ್ಟರು. ಗಾಡಿಯ ಹತ್ತಿರ ಕೂಡ ಸುಳಿಯಲಿಲ್ಲ.

ಮೆಕ್ಯಾನಿಕ್ ಬಿಡುವಾದಾಗಲೆಲ್ಲ ಅದರ ಕೆಳಗೆ ಮಲಗಿ ಬ್ರೇಕು, ಸ್ಪ್ರಿಂಗು, ಗೇರ್‌ಬಾಕ್ಸು ಎಲ್ಲವನ್ನೂ ಬಿಚ್ಚಿ ಜೋಡಿಸಿದ. ಅವನ ಹೆಂಡತಿ ಹೆರಿಗೆ ವಾರ್ಡಿನಲ್ಲೇ ತಲೆ ನರೆತ ನರ್ಸು. ಅವಳು ಒಳಗಿನ ಒಲೆ, ಸಿಂಕು ಉಜ್ಜಿ ಫಳಫಳ ಮಾಡಿದಳು, ಕಿಟಕಿಗಳಿಗೆ ಹೊಸ ಪರದೆ ಹೊಲಿದಳು. ಮದುವೆಯಾದಾಗಿನಿಂದ ಅವನಿಗೆ ರಜೆ ಸಿಕ್ಕರೆ ಅವಳಿಗಿಲ್ಲ, ಅವಳಿಗೆ ಸಿಕ್ಕರೆ ಅವನಿಗಿಲ್ಲ. ಈ ಸಲ ಇಬ್ಬರೂ ಹಟ ಹಿಡಿದು ಹೊರಟರು. ಮೆಕ್ಯಾನಿಕ್‌ನ ತಾಯಿಯೂ ಜೊತೆಗಿದ್ದಳು. ಅವಳನ್ನು ಒಬ್ಬಳೇ ಬಿಡುವಂತಿರಲಿಲ್ಲ, ಬಿಟ್ಟರೂ ಅವಳು ಬಿಡುವವಳಲ್ಲ. ಕಿವಿ ಪೂರಾ ಮಂದ, ಬಾಯಿ ಮಾತ್ರ ಬಲು ಚುರುಕು. ಏನು ಕೇಳಿದರೂ ತನಗೆ ಬೇಕಾದುದಕ್ಕೇ ಉತ್ತರ ಕೊಡುತ್ತಿದ್ದಳು.

ಅವರು ಹಿಡಿದದ್ದು ಕಡಲಂಚಿನ ಹಳೇ ರಸ್ತೆ. ಯಾವುದೋ ಕಾಲದ ರಾಜರು ಹಡಗಿನಲ್ಲಿ ಬರುವ ಶತ್ರುಗಳ ಮೇಲೆ ಕಣ್ಣಿಡಲು ಆ ದಾರಿಯುದ್ದಕ್ಕೂ ಗುಡ್ಡದ ತುದಿಗಳಲ್ಲಿ ಕಾವಲು ಬುರುಜು ಕಟ್ಟಿಸಿದ್ದರು. ಒಂದರ ಮೇಲೆ ಬೆಂಕಿ ಹಚ್ಚಿದರೆ ಮುಂದಿನದಕ್ಕೆ ಕಾಣಬೇಕು. ದಾರಿಯ ಕೊನೆಯಲ್ಲಿ ಒಂದು ದೀಪಸ್ತಂಭ.

ಮೊದಲ ದಿನ ಮುದುಕಿ ಹಿಂದುಗಡೆ ಕಿಟಕಿಯ ಪಕ್ಕ ಕೂತಿದ್ದಳು. ಅಲ್ಲಿ ಪುಟ್ಟ ಮೇಜಿನ ಆಚೆಗೊಂದು, ಈಚೆಗೊಂದು ಸೀಟು. ಬುರುಜುಗಳು ಶುರುವಾಗುತ್ತಿದ್ದಂತೆ ಅವಳು ಯಾರೊಂದಿಗೋ ಮಾತಾಡತೊಡಗಿದ್ದು ನರ್ಸಿಗೆ ಕೇಳಿಸಿತು. ಯಾವಾಗಲೂ ಕಿರುಚಿಯೇ ಮಾತಾಡುವ ಅತ್ತೆಯದು ಈಗ ಮೆಲುದನಿ, ಮಲಗಿದ ಮಗುವಿನ ಪಕ್ಕ ಮಾತಾಡಿದ ಹಾಗೆ. ನರ್ಸು ಹಿಂದೆ ಹೋಗಿ, ಕಿವಿಯ ಬಳಿ ಬಾಯಿಟ್ಟು ಕೇಳಿದಳು.

"ಯಾರ ಜೊತೆ ಅತ್ತೆ ಮಾತು?"

"ಎದುರಿಗಿರೋ ಈಯಮ್ಮನ ಜೊತೆ. ಪಾಪ, ಆಗಿಂದ ನಿಲ್ಸಿ ನಿಲ್ಸಿ ಅಂತಿದಾಳೆ. ನಿಮಗೆ ಕೇಳಿಸ್ತಿಲ್ವಾ?"

ನಾವು ಕಿವಿಯಲ್ಲಿ ಕೂಗಿದರೂ ಕೇಳಿಸದವಳಿಗೆ ನಮಗೆ ಕೇಳಿಸದ್ದು ಕೇಳುತ್ತಿದೆಯಂತೆ ಎಂದು ಮೆಕ್ಯಾನಿಕ್ ನಕ್ಕ. ಅತ್ತೆಗೆ ಅರಳುಮರಳು ಶುರುವಾಯಿತೇನೋ ಎಂದು ನರ್ಸಿಗೆ ಕಸಿವಿಸಿಯಾಯಿತು. ನೀರಿನ ಲೋಟ ಕೊಡುವಾಗ ಅವಳ ಕೈ ಎದುರು ಸೀಟಿನ ಮೇಲೆ ಬಿತ್ತು. ಅಲ್ಲಿ ಸುಡು ಬಿಸಿಲು ಬಿದ್ದಿತ್ತು. ಆದರೂ ಸೀಟು ಹಿಂಡಿದ ಒದ್ದೆ ಬಟ್ಟೆಯಂತೆ ತಣ್ಣಗಿತ್ತು. ಅವಳು ಕೈ ಹಿಂದೆಳೆದುಕೊಂಡು ಸೆರಗಿಗೆ ಒರೆಸಿದಳು. ಗಂಡನಿಗೆ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಒಂದು ದೊಡ್ಡ ಬುರುಜಿನ ಬುಡದ ಟೀ ಅಂಗಡಿಯಲ್ಲಿ ನಿಂತರು. ಮೂವರೂ ಇಳಿದು ಹೊರಗಿನ ಬೆಂಚಿನ ಮೇಲೆ ಕೂತರು. ಅಂಗಡಿಯಾಕೆ ಗಾಡಿಯ ಗುರುತು ಹಿಡಿದಳು. ಇದು ಮೇಷ್ಟ್ರ ಗಾಡಿಯಲ್ಲವೇ, ನೀವು ಅವರ ಕಡೆಯವರಾ ಎಂದು ಕೇಳಿದಳು. ಮೇಷ್ಟ್ರು ಪ್ರತಿವರ್ಷ ಹೆಂಡತಿಯ ಜೊತೆ ಬರುತ್ತಿದ್ದರಂತೆ. ಕೊನೆಯ ಸಲ ಹಿಂದಿರುಗುವಾಗ ಮಾತ್ರ ಆಯಮ್ಮ ಇಳಿಯಲೇ ಇಲ್ಲವಂತೆ. ಕಿಟಕಿಗೆ ಒರಗಿ ನಿದ್ದೆ ಮಾಡುತ್ತಿದ್ದಾಳೆ, ಎಬ್ಬಿಸಬೇಡಿ ಎಂದು ಮೇಷ್ಟ್ರು ಒಬ್ಬರೇ ಟೀ ಕುಡಿದು ಹೋದರಂತೆ. ಹಾಗೆ ಹೇಳುತ್ತಲೇ ಆಕೆ ಗಾಡಿಯ ಕಡೆ ನೋಡಿ ಮುಖ ಅರಳಿಸಿ ಕೈಬೀಸಿದಳು.

"ಅಗೋ, ಎದ್ದೇ ಇದಾರಲ್ಲಕ್ಕ. ಅವರಿಗೂ ಒಂದು ಟೀ ಕೊಡ್ಲಾ?"

ಮುದುಕಿ ಬೆಂಚಿನ ಮೇಲೆ ಟೀಗೆ ಬ್ರೆಡ್ಡು ಅದ್ದಿ ತಿನ್ನುತ್ತಿದ್ದಳು. ಗಾಡಿಯೊಳಗೆ ಯಾರೂ ಇರಲಿಲ್ಲ.

ನರ್ಸು ಬುರುಜಿನ ನೆರಳಿಗೆ ಹೋಗಿ ಮೇಷ್ಟ್ರಿಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು. ಮೇಷ್ಟ್ರು ನೇರ ಹೆಂಡತಿಯ ಮಾತಿಗೇ ಬಂದರು.

"ಸ್ವಲ್ಪ ನಿಲ್ಸಿ ಅಂದ್ಲು ಸಿಸ್ಟರ್. ಮುಂದಿನ ಬುರುಜು ಬರಲಿ, ಅಲ್ಲಿ ನಿಲ್ಸೋಣ ಅಂದೆ."

ಆಮೇಲೆ ಅವರು ತಡೆತಡೆದು ಉಳಿದದ್ದನ್ನು ಹೇಳಿದರು. ಬುರುಜು ಬಂತು, ಅವರು ಹತ್ತಿ ನೋಡಿಕೊಂಡು ಇಳಿದರು. ಬರುವಷ್ಟರಲ್ಲಿ ಅವಳು ಕಿಟಕಿಗೆ ಒರಗಿದ ಹಾಗೇ ಪ್ರಾಣ ಬಿಟ್ಟಿದ್ದಳು. ಯಾರಿಗೂ ಹೇಳಲು ಬಾಯಿ ಬರಲಿಲ್ಲ. ಬಂದ ದಾರಿಯಲ್ಲೇ, ನಿಂತ ಕಡೆಯಲ್ಲೆಲ್ಲ ನಿಂತು, ನಿದ್ದೆ ಮಾಡುತ್ತಿದ್ದಾಳೆ ಎಂದು ಹೇಳುತ್ತಾ ಅವಳನ್ನು ಮನೆಗೆ ತಂದರು. ಅವಳು ನಿಲ್ಲಿಸಿ ಎಂದದ್ದು ಯಾವ ಜಾಗದಲ್ಲಿ ಎಂದು ನರ್ಸು ಕೇಳಿದಳು. ದೀಪಸ್ತಂಭಕ್ಕಿಂತ ಮುಂಚೆ ಎಲ್ಲೋ, ತನ್ನ ಕಣ್ಣೆಲ್ಲ ಬುರುಜಿನ ಮೇಲಿತ್ತು, ರಸ್ತೆ ನೆನಪಿಲ್ಲ ಎಂದರು ಮೇಷ್ಟ್ರು.

ಹೆಂಡತಿಯಿಂದ ಇದನ್ನು ಕೇಳಿದ ಮೆಕ್ಯಾನಿಕ್ ಈಗಲೇ ವಾಪಸು ಹೋಗೋಣ, ಈ ದರಿದ್ರ ಗಾಡಿಯನ್ನು ಗುಜರಿಗೆ ಹಾಕುತ್ತೇನೆ ಎಂದು ಕೂತುಬಿಟ್ಟ.

"ಅವರನ್ನ ಕೂರಿಸ್ಕೊಂಡೇ ಗುಜರಿಗೆ ಹಾಕ್ತೀರಾ?" ಎಂದಳು ನರ್ಸು.

ಅವನು ಹೆಂಡತಿಯ ಮುಖ ನೋಡಿದ. ಎದ್ದು ಗಾಡಿ ಸ್ಟಾರ್ಟ್ ಮಾಡಿದ.

ನರ್ಸು ಅತ್ತೆಯ ಪಕ್ಕ ಒತ್ತಿಕೊಂಡು ಕೂತಳು. ಆಯಮ್ಮ ಎಲ್ಲಿ ಇಳಿಯಬೇಕೋ ಕೇಳಿ ಹೇಳಿ ಎಂದು ಅತ್ತೆಯ ಕಿವಿಯಲ್ಲಿ ಕೂಗಿದಳು. ಬಸ್ಸಿನಲ್ಲಿ ಜೊತೆಗೆ ಬಂದವರನ್ನು ಇಳಿಸುವುದಕ್ಕೆ ಕೂಗಬೇಕಾ ಎಂಬಂತೆ ಮುದುಕಿ ತಲೆಯಾಡಿಸಿದಳು. ದಾರಿ ಸಾಗಿದ ಹಾಗೆ ಒಳಗೆ ಚಳಿ ಹೆಚ್ಚಿತು. ಎದುರಿನ ಕಿಟಕಿಯ ಗಾಜಿನ ಮೇಲೆ, ಹಣೆ ಒರಗಿಸುವಷ್ಟು ಜಾಗದಲ್ಲಿ ಮಾತ್ರ, ಮಂಜು ಕಟ್ಟಿತು. ನರ್ಸು ಅದನ್ನೇ ನೋಡುತ್ತಿದ್ದಳು. ಅದು ಹರಡುತ್ತಿತ್ತು, ಕುಗ್ಗುತ್ತಿತ್ತು, ಉಸಿರಾಡಲು ಒದ್ದಾಡುವವರ ಉಸಿರಿನ ಹಾಗೆ. ಅಂಥ ಉಸಿರನ್ನು ಅವಳು ವಾರ್ಡಿನಲ್ಲಿ ಕಂಡಿದ್ದಳು. ಹೆದರಿಕೆ ಎಲ್ಲಿ ಹೋಯಿತೋ, ಅವಳು ಮೇಜಿನ ಕಡೆಗೆ ಇನ್ನಷ್ಟು ಬಗ್ಗಿ ಕೂತಳು.

ಬಿಸಿಲು ಇಳಿಯುವ ಹೊತ್ತಿಗೆ ಒಂದು ತಿರುವಿನಲ್ಲಿ ಮುದುಕಿ ಮೇಜು ತಟ್ಟಿದಳು.

"ಇಲ್ಲೇ ಕಣೋ, ನಿಲ್ಸು."

ಮೆಕ್ಯಾನಿಕ್ ಬ್ರೇಕು ಹಾಕಿದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಮೊಣಕಾಲೆತ್ತರದ ಒಂದು ಮೋಟು ಗೋಡೆ, ಕುರುಚಲು ಗಿಡ, ಆಚೆ ಸಮುದ್ರ. ಬುರುಜು ಗುಡ್ಡದ ಹಿಂದೆ ಮರೆಯಾಗಿತ್ತು.

ನರ್ಸು ಬಾಗಿಲು ತೆರೆದು ಮೆಟ್ಟಿಲು ಇಳಿಬಿಟ್ಟಳು. ಕೆಳಗೆ ನಿಂತು, ಮಂಚದಿಂದ ಇಳಿಯುವ ಬಾಣಂತಿಯರಿಗೆ ಚಾಚುವ ಹಾಗೆ ಒಂದು ತೋಳು ಚಾಚಿದಳು.

"ನಿಲ್ಸಿದೀವಮ್ಮ. ಅವಸರ ಇಲ್ಲ, ನಿಧಾನಕ್ಕೆ ಇಳೀರಿ."

ಕಣ್ಣಿಗೆ ಏನೂ ಕಾಣಲಿಲ್ಲ. ಮುಂಗೈಯ ಮೇಲೆ ತಣ್ಣನೆಯ ಒಂದು ಭಾರ ಬಿತ್ತು, ಕ್ಷಣ ಹೊತ್ತು ಅಲ್ಲೇ ನಿಂತು, ಹೋಯಿತು. ಹೊರಗೆ ಗಾಡಿಯ ಮೈಗೆ ಕೈಯೂರಿ ನಿಂತಿದ್ದ ಮೆಕ್ಯಾನಿಕ್‌ನ ಮುಖ ಬಿಳಿಚಿತು. ಗಾಡಿ ಮೆಟ್ಟಿಲ ಕಡೆಗೆ ಸ್ವಲ್ಪ ವಾಲಿ, ಒಬ್ಬರು ಇಳಿದಾಗ ಏಳುವಂತೆ ಮೆಲ್ಲಗೆ ಮೇಲೆದ್ದದ್ದು ಅವನ ಅಂಗೈಗೆ ಗೊತ್ತಾಗಿತ್ತು. ಆ ಸ್ಪ್ರಿಂಗುಗಳನ್ನು ಕೂರಿಸಿದವನು ಅವನೇ.

ಒಳಗಿನಿಂದ ಮುದುಕಿ ಎಂದಿನ ಹಾಗೆ ಕಿರುಚಿ, ಸೆಕೆ ಆಗ್ತಿದೆ, ಕಿಟಕಿ ತೆಗೀರೋ ಎಂದಳು.

ಆ ರಾತ್ರಿ ದೀಪಸ್ತಂಭದ ಬಯಲಿನಲ್ಲಿ ಉಳಿದರು. ನರ್ಸು ಮೇಷ್ಟ್ರಿಗೆ ಜಾಗದ ಗುರುತು ಹೇಳಿದಳು. ಮಾರನೆಯ ದಿನ ಮೇಷ್ಟ್ರು ಬಸ್ಸಿನಲ್ಲಿ ಆ ತಿರುವಿಗೆ ಬಂದರು. ಗಾಡಿ ತಂದು ಅಲ್ಲೇ ಕಾದಿದ್ದ ಮೂವರಿಗೂ ತಲೆಬಾಗಿ, ಮೋಟು ಗೋಡೆಯ ಹತ್ತಿರ ಹೋದರು. ಕೂರಲಿಲ್ಲ. ಕೊಡೆ ಮಡಿಸಿಕೊಂಡು ಮಧ್ಯಾಹ್ನವೆಲ್ಲ ನಿಂತೇ ಇದ್ದರು. ಆಮೇಲೆ ಮುದುಕಿಯ ಹತ್ತಿರ ಬಂದು, ಸಂಕೋಚದಿಂದ ಬಗ್ಗಿ, ಕೇಳಿಸಲೆಂದು ಎರಡೆರಡು ಸಲ ಕೂಗಿ ಕೇಳಿದರು.

"ನನ್ನ ಬಗ್ಗೆ ಏನಾದ್ರೂ ಅಂದ್ಲಾ?"

"ಅನ್ನದೆ ಇರ್ತಾಳಾ? ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿರ್ತಾರೆ, ಟೀ ಆದ್ರೂ ಕುಡಿದ್ರೋ ಇಲ್ವೋ ಅಂತ ಒಂದೇ ಸಮ ಕೊರಗ್ತಿದ್ಲು."

ಮೇಷ್ಟ್ರು ಮುಖ ಮುಚ್ಚಿಕೊಂಡರು. ಊರವರೆಗೆ ಕರೆದೊಯ್ಯುತ್ತೇವೆ ಎಂದರೂ ಅವರು ಗಾಡಿ ಹತ್ತಲಿಲ್ಲ. ಸಂಜೆಯ ಬಸ್ಸಿಗೆ ಹೋದರು.

ಬಸ್ಸು ಮರೆಯಾದ ಮೇಲೆ ನರ್ಸು ಗಾಡಿಯೊಳಗೆ ಅತ್ತೆಯ ಪಕ್ಕ ಕೂತು, ಆಯಮ್ಮ ನಿಜವಾಗಿಯೂ ಹಾಗೆ ಹೇಳಿದಳೇ ಎಂದು ಕೇಳಿದಳು.

"ಎಲ್ಲಿ? ಅವರ ಹೆಸರೇ ಎತ್ತಲಿಲ್ಲ ಕಣಮ್ಮ. ಅಷ್ಟು ದೂರ ನಾನೇ ಮಾತಾಡಿದ್ದು. ನಿಲ್ಸಿ ಅನ್ನೋದು ಬಿಟ್ರೆ ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ." ಮುದುಕಿ ಎದುರಿನ ಖಾಲಿ ಸೀಟಿನ ಮೇಲೆ ಕಣ್ಣು ನೆಟ್ಟಿದ್ದಳು. "ಅದನ್ನ ಹೋಗಿ ಅವರಿಗೆ ಹೇಳಕ್ಕಾಗುತ್ತಾ?"

ಮೆಕ್ಯಾನಿಕ್ ಗಾಡಿ ಸ್ಟಾರ್ಟ್ ಮಾಡಿದ. ಊರು ಸೇರುವವರೆಗೂ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ.