ಸಡಿಲ ತಂತಿ

"ಇದು ತಂತಿಯಾ, ಬಟ್ಟೆ ಒಣ್ಗಾಕೋ ಹಗ್ಗಾನಾ ಅಣ್ಣಾ?" ಎಂದು ಗೋವಿಂದಸಾಮಿ ನಂಜಪ್ಪನ ಗಿಟಾರಿನ ದಪ್ಪ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ. ಅದು ಹಲಗೆಯಿಂದ ಒಂದು ಅಂಗುಲ ಮೇಲೆದ್ದು, ಬಿಟ್ಟ ಕೂಡಲೇ ಸುಸ್ತಾದವರ ಹಾಗೆ ಕೆಳಗೆ ಬಿತ್ತು.

ಗಣಪತಿ ಎಂಬ ಊರಿನ ಪಂಪು ವರ್ಕ್‌ಶಾಪಿಗೆ ಅವತ್ತು ಭಾನುವಾರದ ರಜೆ. ಲೇತು ಓಡಿಸುವ ಗೋವಿಂದಸಾಮಿ ಬೀಗದ ಕೈ ಇಸಿದುಕೊಂಡು ಜಗಲಿಯಲ್ಲಿ ಬೆಂಚು ಹಾಕಿ, ತನ್ನ ಗಿಟಾರನ್ನೂ ತಂದಿಟ್ಟಿದ್ದ. ಪೋತನೂರು ರೈಲ್ವೆಯ ಗುಮಾಸ್ತ ಆರೋಗ್ಯಸಾಮಿ ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಬಂದಿದ್ದ. ನಂಜಪ್ಪನ್ ಮಾತ್ರ ಸೂಲೂರಿನಿಂದ ಬಸ್ಸಿನಲ್ಲಿ, ಗಿಟಾರನ್ನು ಹಳೆ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದಿದ್ದ. ವಾರವಿಡೀ ಮಗ್ಗದ ಕುಣಿಯಲ್ಲಿ ಕಾಲುಮಣೆ ತುಳಿದು ತುಳಿದು ಅವನ ಮೊಣಕಾಲಿನಲ್ಲಿ ಜೀವವೇ ಇರಲಿಲ್ಲ. ನೇಕಾರರ ಬೀದಿಯಲ್ಲಿ ಒಬ್ಬ ಗಿಟಾರು ಬಾರಿಸುತ್ತಾನೆಂಬ ಸುದ್ದಿ ಹೇಗೋ ಗಣಪತಿಯವರೆಗೂ ಮುಟ್ಟಿತ್ತು; ಗೋವಿಂದಸಾಮಿ ಹೇಳಿ ಕಳಿಸಿದ್ದ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಮೊದಲು ಒಬ್ಬೊಬ್ಬರೂ ತಮ್ಮ ಕಥೆ ಹೇಳಬೇಕೆಂದಾಯಿತು. ಆರೋಗ್ಯಸಾಮಿಗೆ ಕನ್ನಡ ಬಾರದು. ಚರ್ಚಿನ ಹಾಡಿಗೆ ಜೊತೆ ಬಾರಿಸುತ್ತಿದ್ದ ಇಂಜಿನ್ ಡ್ರೈವರ್ ದೊರೆಯೊಬ್ಬ ತನ್ನ ಬೆರಳು ತಿದ್ದಿದನೆಂದು ತಮಿಳಿನಲ್ಲಿ ಹೇಳಿದ. ಬಿಳಿಯರು ಜೋಡಿ ಜೋಡಿಯಾಗಿ ಸುತ್ತುವ ಮೂರೆಣಿಕೆಯ ಕುಣಿತದ ಮಟ್ಟು ಅವನಿಗೆ ಪ್ರಾಣ. ಅದನ್ನು ಬಾರಿಸುವಾಗ ಕಣ್ಣು ಮುಚ್ಚಿಕೊಂಡ. ಗೋವಿಂದಸಾಮಿ ಒಕ್ಕಲು ಮನೆಯವನು. ಕಾಫಿ ಅಂಗಡಿಯಲ್ಲಿ ಒಂದು ಗ್ರಾಮಫೋನ್ ಪ್ಲೇಟು ಕೇಳಿ ಹುಚ್ಚು ಹಿಡಿಸಿಕೊಂಡವನು. ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ಬಾರಿಸುವುದು ಅದರಲ್ಲಿತ್ತಂತೆ. "ಅಂತಾ ತುಂಡು ಎಲ್ಲಿ ಸಿಕ್ತದೆ? ನಮ್ ಲೇತಲ್ಲೇ ಕಡ್ಕೊಂಡೆ" ಎಂದು ಜೇಬಿನಿಂದ ಮಿರಮಿರ ಮಿಂಚುವ ಕಂಬಿಯೊಂದನ್ನು ತೆಗೆದು ತೋರಿಸಿದ.

"ಈಗ ನೀವೇಳ್ರಣ್ಣಾ. ನಿಮ್ಗೆ ಯಾರ ವಾದ್ಯ ಇಷ್ಟ?"

ನಂಜಪ್ಪನ್ ಕೆಮ್ಮಿದ. "ನಾ ಬ್ಯಾರೆ ಯಾರ್ದೂ ಕೇಳಿಲ್ಲಪ್ಪ. ಇವತ್ತೇ ಮೊದ್ಲು."

ವಿಲಾಯತಿಗೆ ಹೊರಟುನಿಂತ ಮಿಲ್ಲಿನ ದೊರೆಯ ಹೆಂಡತಿ, ಅವನು ನೇಯ್ದು ಕೊಟ್ಟ ಹೊದಿಕೆಯನ್ನು ಮೆಚ್ಚಿ ಗಿಟಾರನ್ನು ಕೈಗಿತ್ತಿದ್ದಳು. ಅವಳೇನೋ ಆಟದ ಸಾಮಾನು ಕೊಟ್ಟಂತೆ ಕೊಟ್ಟಳು. ಇವನು ಹತ್ತು ವರ್ಷದಿಂದ ಬಿಟ್ಟಿಲ್ಲ. ಆರರಲ್ಲಿ ಒಂದು ತಂತಿ ಆಗಲೇ ಇರಲಿಲ್ಲ.

"ಮಗ್ಗದಲ್ಲಿ ಹಾಸು ಬಿಗ್ದ್ರೆ ಎಳೆ ಹರೀತದಲ್ಲ, ಇದೂ ಅಂಗೇ ಅಂತ ಸಡ್ಲ ಬುಟ್ಟೆ. ಅದು ಕರುಳಿನ ತಂತಿ ನೋಡು, ಎಳೆ ಎಳೆ ಬಿಟ್ಕೊಂಡು ಬಂತು. ಅದ್ಕೆ ಗಂಜಿ ತೀಡ್ದೆ."

"ಗಂಜಿಯಾ!"

"ನೂಲಿಗೆ ತೀಡಲ್ವಾ? ಅಕ್ಕಿ ಗಂಜಿ. ಇರುವೆ ಮುತ್ಕೊಂಡ್ವು."

ಗೋವಿಂದಸಾಮಿ ಆರೋಗ್ಯಸಾಮಿಗೆ ತಮಿಳಿನಲ್ಲಿ ಇದನ್ನು ಹೇಳಿದ್ದೇ ತಡ, ಅವನು ಬೆಂಚಿನಿಂದ ಜಾರಿ ನೆಲದ ಮೇಲೆ ಕೂತು ನಕ್ಕ. ಕೆಟ್ಟ ನಗೆಯಲ್ಲ ಅದು. ನಂಜಪ್ಪನಿಗೂ ನಗು ಬಂತು. ತಾನು ಹೀಗೆ ನಾಲ್ಕು ಜನರ ನಡುವೆ ನಕ್ಕು ಎಷ್ಟು ಕಾಲವಾಯಿತೆಂದು ಅವನಿಗೇ ನೆನಪಿರಲಿಲ್ಲ.

ಆದರೆ ಯಾರಿಗಾಗಿ ಬಾರಿಸುತ್ತೇನೆಂಬುದನ್ನು ಅವನು ಹೇಳಲಿಲ್ಲ. ಪೈಕಾರಾ ಹೊಳೆಯ ಕರೆಂಟು ಊರಿಗೆ ಬಂದ ವರ್ಷ ಹೆಂಡತಿ ರಾಮಾಯಿ ನೂಲಿನ ಮಿಲ್ಲಿಗೆ ಸೇರಿದ್ದಳು. ಯಂತ್ರಗಳ ಗದ್ದಲದಲ್ಲಿ ನಿಂತು ನಿಂತು, ಮೂರನೆಯ ವರ್ಷಕ್ಕೆ ಅವಳ ಎರಡು ಕಿವಿಯೂ ಹೋದವು. ಅಂದಿನಿಂದ ಸಂಜೆ ಅವನು ಬಾರಿಸಲು ಕೂತರೆ ಅವಳು ಪಕ್ಕದಲ್ಲಿ ಕೂತು, ಗಿಟಾರಿನ ಪೆಟ್ಟಿಗೆಯ ಮೇಲೆ ಅಂಗೈ ಊರುತ್ತಾಳೆ. ಅದೇ ಅವಳು ಕೇಳುವ ಬಗೆ. ತನ್ನ ಅತ್ತೆ ಕಂಡಿಕೆಗೆ ನೂಲು ಸುತ್ತುವಾಗ ಹಾಡುತ್ತಿದ್ದ ಪದ ಬಂದರೆ ಅಂಗೈಯಲ್ಲೇ ಗುರುತು ಹಿಡಿದು, "ಅತ್ತೆ ಪದ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಕೋಣನ ಮುಂದೆ ಕಿನ್ನರಿ ಎಂದು ಪಕ್ಕದ ಮನೆಯ ಮುತ್ತಮ್ಮಾಳ್ ಒಮ್ಮೆ ಅಂದಿದ್ದು ನಂಜಪ್ಪನ ಎದೆಯಲ್ಲಿ ಇನ್ನೂ ಮುಳ್ಳಾಗಿ ಕೂತಿದೆ. ಇಡೀ ದಿನದಲ್ಲಿ ಗಂಡ ಹೆಂಡಿರ ನಡುವೆ ಸನ್ನೆಯಿಲ್ಲದೆ ನಡೆಯುವ ಮಾತೆಂದರೆ ಈ ಬಾರಿಸುವುದೊಂದೇ.

ಆರೋಗ್ಯಸಾಮಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬಿರಡೆ ತಿರುಗಿಸಿದ. ಕೂಸಿನ ಮೈ ಮುಟ್ಟುವಷ್ಟು ಮೆಲ್ಲಗೆ ಬಿಗಿದ. ನಂಜಪ್ಪನ್ ಉಸಿರು ಹಿಡಿದು ನೋಡುತ್ತಿದ್ದ, ಯಾವುದೂ ಹರಿಯಲಿಲ್ಲ. ಬೆರಳನ್ನು ಎಲ್ಲೆಲ್ಲಿ ಊರಬೇಕೆಂದು ಆರೋಗ್ಯಸಾಮಿ ಮೂರು ಜಾಗ ತೋರಿಸಿಕೊಟ್ಟ.

ಆಮೇಲೆ ಮೂವರೂ ಸೇರಿ ಬಾರಿಸಿದರು. ನಂಜಪ್ಪನ ಗಿಟಾರಿನಿಂದ ಅವನೇ ಎಂದೂ ಕೇಳದ ದನಿ ಹೊರಟಿತು. ತೆಳ್ಳಗೆ, ನಿಚ್ಚಳವಾಗಿ, ಉಳಿದೆರಡರ ಜೊತೆ ಕೂಡಿಕೊಂಡು. ಪೆಟ್ಟಿಗೆ ಮಾತ್ರ ಮೊದಲಿನ ಹಾಗೆ ನಡುಗದೆ, ಅವನ ಹೊಟ್ಟೆಗೆ ಒತ್ತಿಕೊಂಡು ತೆಪ್ಪಗಿತ್ತು. ಹತ್ತು ವರ್ಷ ಒಂಟಿಯಾಗಿ ಉಳುತ್ತಿದ್ದ ಎತ್ತಿಗೆ ಜೋಡಿ ಸಿಕ್ಕಂತಾಯಿತು. ಅವನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಆಯುಧ ಪೂಜೆಗೆ ಇಲ್ಲೇ ಮೂರು ಜನ ಬಾರ್ಸಾಣ" ಎಂದ ಗೋವಿಂದಸಾಮಿ. "ಪ್ರತಿ ಭಾನ್ವಾರ ಬಂದ್ಬುಡಿ. ಆದ್ರೆ ಒಂದ್ ಮಾತು. ಇನ್ಮ್ಯಾಲೆ ಈ ಬಿಗಿ ಇಳಿಸ್ಬ್ಯಾಡಿ. ಏರ್ಸಿ ಇಳ್ಸಿ ಮಾಡಿದ್ರೆ ಹಳೇ ತಂತಿ ತಾಳಲ್ಲ ಅಂತಾವ್ನೆ ಇವ್ನು. ಇಲ್ಲೆಲ್ಲೂ ಸಿಕ್ಕೋದಲ್ಲ ಈ ತಂತಿ."

"ಆಗ್ಲಪ್ಪ, ಯಾಕೆ ಇಳಿಸ್ಲಿ?" ಎಂದ ನಂಜಪ್ಪನ್.

ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ರಾಮಾಯಿ ಕಾಲು ಚಾಚಿ ಗೋಡೆಗೊರಗಿದ್ದಳು. ನಾಳೆ ಬೆಳಗಿಗೆ ಮತ್ತೆ ಮಿಲ್ಲು. ಅವನು ಕೈಕಾಲು ಕೂಡ ತೊಳೆಯದೆ ಸೀರೆ ಬಿಚ್ಚಿ ಗಿಟಾರು ಎತ್ತಿಕೊಂಡ. ತಾನು ಕಲಿತದ್ದನ್ನು ಇವಳಿಗೆ ಮೊದಲು ಕೇಳಿಸಬೇಕು. ಅವಳು ನಕ್ಕು, ಸರಿದು ಬಂದು ಅಂಗೈ ಊರಿದಳು.

ಅವನು ಅತ್ತೆ ಪದವನ್ನೇ ಹಿಡಿದ. ಹೊಸ ಬಿಗಿಯಲ್ಲಿ ಬೆರಳು ಅಲ್ಲಲ್ಲಿ ತಡವರಿಸಿದರೂ ಪಲ್ಲವಿ ಮುಗಿಯಿತು, ಎರಡನೆಯ ಸಾಲೂ ಅರ್ಧವಾಯಿತು.

"ಏನುಂಗ, ಶುರು ಮಾಡ್ಬಾರ್ದಾ?" ಎಂದಳು ರಾಮಾಯಿ, ಮುಚ್ಚಿದ ಕಣ್ಣು ತೆರೆಯದೆ.

ಅವನು ಇನ್ನೂ ಜೋರಾಗಿ ಮೀಟಿದ. ಅವಳ ಅಂಗೈ ಪೆಟ್ಟಿಗೆಯ ಮೇಲೆ ಕೆಳಗೆ ಸರಿಯಿತು, ಪಕ್ಕಕ್ಕೆ ಸರಿಯಿತು, ಕತ್ತಲಲ್ಲಿ ಬೆಂಕಿಪೆಟ್ಟಿಗೆ ತಡಕುವವರ ಹಾಗೆ. ಕಣ್ಣು ಬಿಟ್ಟು ನೋಡಿದರೆ ಅವನ ಬೆರಳು ಓಡುತ್ತಿರುವುದು ಅವಳಿಗೆ ಕಾಣುತ್ತಿತ್ತು. ಕೈ ಎತ್ತಿ, ಸೆರಗಿಗೆ ಉಜ್ಜಿ ಒರೆಸಿ, ಮತ್ತೆ ಊರಿದಳು.

"ಕಿವಿ ಹೋದಂಗೆ ಕೈನೂ ಹೋಯ್ತಾ ನಂದು?" ಅವಳ ಕೂಗಿಗೆ ಮುತ್ತಮ್ಮಾಳ್ ಬಾಗಿಲಿಗೆ ಬಂದು ಇಣುಕಿದಳು. "ಮಿಲ್ಲಲ್ಲಿ ನೂಲು ಹಿಡ್ದೂ ಹಿಡ್ದೂ ಹೋಯ್ತಾ?"

ನಂಜಪ್ಪನ್ ಇಲ್ಲ ಇಲ್ಲವೆಂದು ತಲೆಯಾಡಿಸಿದ. ಅವಳ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ಒತ್ತಿದ. ಅವಳು ಅವನ ಮುಖವನ್ನು ನೋಡಲಿಲ್ಲ, ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಆಯುಧ ಪೂಜೆಗೆ ಇನ್ನು ಇಪ್ಪತ್ತು ದಿನ. ಅವನು ಗಿಟಾರನ್ನು ಮತ್ತೆ ಮಡಿಲಿಗೆ ಎಳೆದುಕೊಂಡ.

ಆಮೇಲೆ ದಪ್ಪ ತಂತಿಯ ಬಿರಡೆಗೆ ಕೈ ಹಾಕಿದ. ಅದು ಕಿರುಗುಟ್ಟುತ್ತ ಸಡಿಲವಾಯಿತು. ಎರಡನೆಯದು, ಮೂರನೆಯದು, ನಾಲ್ಕನೆಯದು. ಕೊನೆಯ ತೆಳು ತಂತಿಯನ್ನು ಎಷ್ಟು ಮೆಲ್ಲಗೆ ಬಿಟ್ಟರೂ ಅದು ಟಪ್ಪೆಂದು ಹರಿದು ಹೋಯಿತು. ಹರಿದದ್ದನ್ನು ಅವನು ನೋಡಲೂ ಇಲ್ಲ. ಅವಳ ಅಂಗೈಯನ್ನು ಎತ್ತಿ ಪೆಟ್ಟಿಗೆಯ ಮೇಲಿಟ್ಟು ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದ. ಪೆಟ್ಟಿಗೆಯೆಲ್ಲ ಗುಂಯ್ ಎಂದು ನಡುಗಿತು.

ರಾಮಾಯಿಯ ಕೈ ಅಲ್ಲೇ ನಿಂತಿತು.

"ಆಮಾ, ಹೌದು" ಎಂದಳು, ಅವತ್ತು ಮಾತ್ರ ಕೂಗದೆ. "ಬಂತು."

ಅವನು ಪದವನ್ನು ಮತ್ತೆ ಮೊದಲಿನಿಂದ ಹಿಡಿದ. ಹರಿದ ತಂತಿಯ ತುದಿ ಅವಳ ಬಳೆಗೆ ತಾಗಿ ತಾಗಿ ಅಲುಗುತ್ತಿತ್ತು.