ಮೊದಲ ಚೆಂಡು ಸಾಹೇಬರದು

ನನಗೆ ಸಿಟ್ಟು ಜಾಸ್ತಿ ಎಂದು ದಾವಣಗೆರೆಯಲ್ಲಿ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳಲಿ. ಒಂದೇ ಒಂದು ಚೆಂಡಿಲ್ಲದೆ ಏಳು ತಿಂಗಳು ಹನ್ನೊಂದು ಹುಡುಗಿಯರಿಗೆ ಕ್ರಿಕೆಟ್ ಕಲಿಸಿ ನೋಡಲಿ, ಆಮೇಲೆ ಮಾತಾಡೋಣ.

ನಾನು ಆಶಾ. ವಿದ್ಯಾನಗರದ ಹಿಂದಿನ ಮೈದಾನದಲ್ಲಿ ಹೊಸದಾಗಿ ಆದ ಜಿಲ್ಲಾ ಕ್ರಿಕೆಟ್ ತರಬೇತಿ ಕೇಂದ್ರದ ಕೋಚ್. ಹದಿನೈದು ವರ್ಷದೊಳಗಿನ ಹುಡುಗಿಯರು ನನ್ನ ಪಾಲಿಗೆ ಬಂದವರು. ಕೆಲಸಕ್ಕೆ ಸೇರಿದ ದಿನ ನೋಡಿದರೆ ನೆಟ್ಸ್ ಕಟ್ಟಿತ್ತು, ಪಿಚ್ ಸಿದ್ಧವಾಗಿತ್ತು, ಕಪಾಟಿನ ತುಂಬ ಹೊಸ ಕೆಂಪು ಚೆಂಡುಗಳಿದ್ದವು. ಆಸೆಯಾಗಿ ಒಂದಕ್ಕೆ ಕೈಹಾಕಿದೆ. ಕೇಂದ್ರದ ಕಾರ್ಯದರ್ಶಿ ಬಸವಪ್ರಭು, ಬಟ್ಟೆ ಅಂಗಡಿಯ ಸಾಹುಕಾರರು, ಎಲ್ಲಿದ್ದರೋ ಏನೋ, ಓಡಿಬಂದು ಕಪಾಟಿಗೆ ಬೀಗ ಜಡಿದರು.

"ಅಯ್ಯಯ್ಯೋ, ಮುಟ್ಟಬ್ಯಾಡ್ರಿ ಮೇಡಂ! ಇನ್ನೂ ಉದ್ಘಾಟನೆ ಆಗಿಲ್ಲ."

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬೇಕು. ಗಲ್ಲಿ ಟೂರ್ನಮೆಂಟ್ ಆಗಲಿ, ದೊಡ್ಡ ಪಂದ್ಯವಾಗಲಿ, ಮೊದಲು ಮುಖ್ಯ ಅತಿಥಿಗಳು ಕೊರಳಲ್ಲಿ ಹಾರ ಹಾಕಿಕೊಂಡೇ ಬ್ಯಾಟು ಹಿಡಿದು ನಿಲ್ಲಬೇಕು. ಯಾರೋ ಒಬ್ಬರು ಮೆತ್ತಗೆ ಎಸೆಯುತ್ತಾರೆ, ಅವರು ಬೀಸುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಫೋಟೊ ತೆಗೆಯುತ್ತಾರೆ. ಆಟ ಅಲ್ಲಿಂದ ಶುರು. ನಮ್ಮ ಕೇಂದ್ರದ ಮೊದಲ ಚೆಂಡನ್ನು ಹೊಡೆಯಲು ಒಪ್ಪಿಕೊಂಡಿದ್ದವರು ಸಾಹೇಬರು. ಯಾವ ಸಾಹೇಬರು ಎಂದು ಕೇಳಬೇಡಿ, ನನಗೆ ಇನ್ನೂ ಕೆಲಸ ಬೇಕು.

ಮೊದಲ ತಿಂಗಳು ಸಾಹೇಬರು ಬೆಂಗಳೂರಲ್ಲಿದ್ದರು. ಎರಡನೆಯ ತಿಂಗಳು ಆಷಾಢ. ಮೂರನೆಯದಕ್ಕೆ ಅವರ ಸೊಂಟ ಹಿಡಿದುಕೊಂಡಿತು, ಬ್ಯಾಟು ಬೀಸಬಾರದು ಎಂದು ಡಾಕ್ಟರು ಹೇಳಿದರು. ಸೊಂಟ ಬಿಡುವ ಹೊತ್ತಿಗೆ ಪಿತೃಪಕ್ಷ ಬಂತು. ಆಮೇಲಿನದಕ್ಕೆ ಕಾರಣ ಕೇಳುವುದನ್ನೇ ನಾನು ಬಿಟ್ಟೆ.

"ನಾನೇ ಅಂಗಡಿಯಿಂದ ಒಂದು ಚೆಂಡು ತಂದುಕೊಳ್ತೀನಿ ಬಿಡ್ರಿ" ಎಂದೆ ಒಂದು ದಿನ ಬಸವಪ್ರಭು ಅವರಿಗೆ.

"ಯಾರ ಚೆಂಡಾದ್ರೂ ಚೆಂಡೇ ಅಲ್ರೀ? ಒಂದು ಸಲ ನೆಲಕ್ಕೆ ಬಿತ್ತು ಅಂದ್ರೆ ಆಟ ಶುರು ಆದಂಗೆ. ಸಾಹೇಬ್ರು ಬಂದು ಎರಡನೇ ಚೆಂಡು ಹೊಡೀಬೇಕೇನು? ಮರ್ಯಾದಿ ಪ್ರಶ್ನೆ ಐತಿದು."

"ಊರಾಚೆ ಬಾತಿ ಕಡೆ ಯಾವುದಾದ್ರೂ ಬಯಲಲ್ಲಿ ಆಡಿಸ್ತೀನಿ. ಯಾರಿಗೂ ಕಾಣಲ್ಲ."

"ಉದ್ಘಾಟನೆ ಇಡೀ ಜಿಲ್ಲೆಗೆ ಮೇಡಂ. ಬಾತಿ ಏನು ಬೇರೆ ಜಿಲ್ಲೆಯಾ? ಬ್ಯಾಟು ಬೀಸಿಸ್ರಿ, ಬ್ಯಾಡ ಅಂದೋರು ಯಾರು? ಬ್ಯಾಟಿನಿಂದ ಏನೂ ಶುರು ಆಗಲ್ಲ."

ಪಿತ್ತ ನೆತ್ತಿಗೇರಿತು. ಆದರೆ ಎದುರಿಗೆ ಹನ್ನೊಂದು ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ನಿಂತಿದ್ದವು. ಸರಿ, ಹಾಳಾಗಿ ಹೋಗಲಿ ಎಂದು ಚೆಂಡಿಲ್ಲದೆಯೇ ಶುರುಮಾಡಿದೆ. ಒಬ್ಬಳು ಓಡಿಬಂದು ಬರಿಗೈ ಬೀಸುವಳು, ಇನ್ನೊಬ್ಬಳು ಬ್ಯಾಟು ಬೀಸುವಳು, ಉಳಿದವರು ಹಿಡಿಯುವರು. "ಚೆಂಡು ನೋಡ್ರೇ, ಚೆಂಡು! ಕಣ್ಣು ಎಲ್ಲಿಟ್ಟೀರಿ?" ಎಂದು ದಿನವೂ ಗಂಟಲು ಹರಿದುಕೊಂಡೆ. ರಸ್ತೆಯಲ್ಲಿ ಹೋಗುವವರು ಸ್ಕೂಟರ್ ನಿಲ್ಲಿಸಿ ನೋಡಿ, ಪಾಪ ಎಂದುಕೊಂಡು ಹೋಗುತ್ತಿದ್ದರು.

ಎರಡು ತಿಂಗಳಲ್ಲಿ ಹುಡುಗಿಯರಿಗೆ ರೂಢಿಯಾಯಿತು. ಮೂರನೆಯ ತಿಂಗಳು ಎಲ್‌ಬಿಡಬ್ಲ್ಯೂ ವಿಷಯಕ್ಕೆ ಇಬ್ಬರು ಜಡೆ ಹಿಡಿದು ಬಡಿದಾಡಿದರು. ನಾಲ್ಕನೆಯ ತಿಂಗಳು ಮೈದಾನದ ಪಕ್ಕದ ಮನೆಯ ಉಚ್ಚಂಗಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.

"ಏನ್ರೀ ಟೀಚರಮ್ಮ, ನಿಮ್ಮ ಹುಡುಗೀರು ಹೊಡೆದ ಚೆಂಡು ನನ್ನ ಮಾಳಿಗೆ ಮ್ಯಾಲೆ ಬಿದ್ದೈತಂತೆ. ಹುಡುಕೋಕೆ ಬಂದು ಒಣ ಹಾಕಿದ ಮೆಣಸಿನಕಾಯಿನೆಲ್ಲ ತುಳಿದು ಹೋಗ್ಯಾರೆ!"

"ಅಮ್ಮಾ, ನಮ್ಮತ್ರ ಚೆಂಡೇ ಇಲ್ಲ" ಎಂದೆ.

"ಹೆಂಗೆ ಇರ್ತೈತೆ? ನನ್ನ ಮಾಳಿಗೆ ಮ್ಯಾಲೆ ಐತಲ್ಲ! ಕೊಡಲ್ಲ, ಏನ್ ಮಾಡ್ಕೊಂತೀರೋ ಮಾಡ್ಕೊಳ್ರಿ."

ಹೋದಳು. ನೋಡಿದರೆ ಹುಡುಗಿಯರೆಲ್ಲ ಸಾಲಾಗಿ ನೆಲದ ಮೇಲೆ ಕೂತುಬಿಟ್ಟಿದ್ದಾರೆ. ಯಾಕ್ರೇ ಎಂದರೆ, ಚೆಂಡು ಇಲ್ವಲ್ಲ ಮಿಸ್ ಎಂದರು. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಕೊನೆಗೆ ನಯನಾ ಎದ್ದು ಹೋದಳು. ಉಚ್ಚಂಗಮ್ಮನ ಮೆಣಸಿನಕಾಯಿಯನ್ನು ಬಿಸಿಲಲ್ಲಿ ಕೂತು ಒಂದೊಂದಾಗಿ ಆರಿಸಿ ಹರವಿಕೊಟ್ಟು, ಅರ್ಧ ಗಂಟೆಯ ಮೇಲೆ ಮುಷ್ಟಿ ಬಿಗಿಹಿಡಿದು ವಾಪಸು ಬಂದಳು. ಬೌಲರ್ ಕೈಗೆ ಅದೇನನ್ನೋ ಕೊಟ್ಟಳು. ಅಭ್ಯಾಸ ಮುಂದುವರಿಯಿತು.

ಈ ನಯನಾಳ ವಿಷಯ ಹೇಳಬೇಕು. ಹದಿಮೂರು ವರ್ಷದ ಹುಡುಗಿ, ವಿನೋಬನಗರದವಳು. ಅಪ್ಪ ಅಂಜಿನಪ್ಪ ಆಟೊ ಓಡಿಸುತ್ತಾನೆ. ಆಡುವುದು ಎಂದರೆ ಅವಳಿಗೆ ಊಟ ಬೇಡ, ನೀರು ಬೇಡ. ಆದರೆ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಚಿಕ್ಕಪ್ಪನವರೆಗೆ ಎಲ್ಲರೂ ಮೂಗು ಮುರಿಯುವವರೇ. ಗಾಳಿಗೆ ಬ್ಯಾಟು ಬೀಸುವ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದು ಅಜ್ಜಿ ದಿನಾ ಕೊರೆಯುತ್ತಿದ್ದಳಂತೆ. ಅಂಜಿನಪ್ಪ ಒಂದು ದಿನ ಮೈದಾನಕ್ಕೇ ಬಂದು, ಮಗಳ ಎದುರಿಗೇ ಕಡ್ಡಿ ಮುರಿದಂತೆ ಹೇಳಿದ.

"ಹರಿಹರದಾಗೆ ಸೆಲೆಕ್ಷನ್ ಐತಂತಲ್ಲ ಮೇಡಂ. ಅದರಾಗೆ ಆಯ್ಕೆ ಆದ್ರೆ ಮನೆಯೋರ ಬಾಯಿ ನಾನು ಮುಚ್ಚಿಸ್ತೀನಿ. ಆಗ್ಲಿಲ್ಲ ಅಂದ್ರೆ ಬ್ಯಾಟು ಅಟ್ಟಕ್ಕೆ. ಆಮ್ಯಾಲೆ ಅಳಬಾರದು. ಒಪ್ಪಿದೆಯೇನೇ?"

"ಒಪ್ಪಿದೆ ಅಪ್ಪಾ" ಎಂದಳು ಅವಳು. ಆ ಸೆಲೆಕ್ಷನ್ನಿನಲ್ಲಿ ವಲಯದ ಶಿಬಿರಕ್ಕೆ ನಮ್ಮ ಇಡೀ ಜಿಲ್ಲೆಯಿಂದ ಕರೆಯುತ್ತಿದ್ದುದು ಒಬ್ಬಳನ್ನು ಮಾತ್ರ.

ಆಯ್ಕೆ ಪಂದ್ಯ ದಾವಣಗೆರೆ ಕೇಂದ್ರಕ್ಕೂ ಹರಿಹರದ ಶಾಖೆಗೂ. ಸೋಮವಾರದೊಳಗೆ ಹೆಸರು ಕಳಿಸಬೇಕು, ಪಂದ್ಯ ಭಾನುವಾರ, ಸಾಹೇಬರು ಶನಿವಾರ ಬರುತ್ತೇನೆಂದಿದ್ದವರು ಬರಲಿಲ್ಲ. ನಮ್ಮ ಪುಣ್ಯಕ್ಕೆ ಹರಿಹರದವರ ಕಥೆಯೂ ಅದೇ. ಅವರೂ ಏಳು ತಿಂಗಳಿಂದ ಬರಿಗೈಯಲ್ಲೇ ಆಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಅಂಜಿನಪ್ಪನ ಆಟೊದಲ್ಲಿ ಆರು ಹುಡುಗಿಯರು, ಉಳಿದವರು ನನ್ನ ಜೊತೆ ಬಸ್ಸಿನಲ್ಲಿ. ಹೊಳೆಯ ಕಡೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಆಯ್ಕೆಗಾರರಾಗಿ ಬಂದವರು ರುದ್ರಮುನಿ, ಹಳೆಯ ಅಂಪೈರು. ನಾನು ನೇರವಾಗಿ ಕೇಳಿದೆ:

"ಸಾರ್, ಚೆಂಡಿಲ್ಲದೆ ಹೆಂಗೆ ಆಯ್ಕೆ ಮಾಡ್ತೀರಿ?"

"ಬ್ಯಾಟಿಂಗ್ ಮಾಡೋರು ಚೆಂಡು ಎಲ್ಲಿ ಹೋತು ಅಂತ ಹೇಳ್ಬೇಕು. ನಾವು ಬರ್ಕೋತೀವಿ. ಸಂಶಯ ಬಂದ್ರೆ ಲಾಭ ಬ್ಯಾಟರ್‌ಗೆ. ರೂಲ್ಸ್ ಹಂಗೇ ಐತಲ್ಲಮ್ಮ" ಎಂದು ಅವರು ಶಾಂತವಾಗಿ ಚಹಾ ಕುಡಿದರು.

ನಾನು ನಯನಾಳನ್ನು ಪಕ್ಕಕ್ಕೆ ಕರೆದೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. "ಏನೇ ಆಗ್ಲಿ, ಔಟ್ ಆಗಬ್ಯಾಡ. ಎಲ್ಲಾ ಸಿಕ್ಸರ್ ಅನ್ನು. ಯಾರಿಗೂ ಗೊತ್ತಾಗಲ್ಲ" ಎಂದೆ. ಅವಳು ನನ್ನ ಮುಖವನ್ನೇ ನೋಡಿ, ಮೈದಾನಕ್ಕೆ ನಡೆದಳು.

ಹತ್ತು ಓವರಿನ ಆಟ. ಹರಿಹರದವರು ಮೊದಲು ಆಡಿದರು. ಅವರ ಕೋಚ್ ಕೂಡ ನನ್ನಷ್ಟೇ ಬುದ್ಧಿವಂತ ಎಂಬುದು ಮೊದಲ ಓವರಿನಲ್ಲೇ ಗೊತ್ತಾಯಿತು. ಸಿಕ್ಸರ್, ಸಿಕ್ಸರ್, ಸಿಕ್ಸರ್. ಒಂದು ಚೆಂಡು ಹೊಳೆ ದಾಟಿತು ಎಂದಳು ಒಬ್ಬಳು, ಬರೆದುಕೊಂಡರು. ಸುಸ್ತಾದವರು ನಾಟೌಟಾಗಿಯೇ ಹೊರಬಂದು ಬ್ಯಾಟನ್ನು ಇನ್ನೊಬ್ಬಳಿಗೆ ಕೊಟ್ಟರು. ಹತ್ತು ಓವರಿಗೆ ಮುನ್ನೂರ ಅರವತ್ತು, ವಿಕೆಟ್ ಒಂದೂ ಇಲ್ಲ. ನಮ್ಮ ಬೌಲರು ಬೌಂಡರಿ ಗೆರೆಯ ಮೇಲೆ ಕೂತು ಅತ್ತಳು.

ನಮ್ಮ ಸರದಿ ಬಂತು. ನಯನಾ ಮೊದಲು ಇಳಿದಳು. ಎದುರಿಗೆ ಹರಿಹರದ ನೂರ್ಜಹಾನ್, ಕಡ್ಡಿಯಂಥ ಹುಡುಗಿ, ಉದ್ದ ಓಟದ ಬೌಲರ್. ಇಲ್ಲದ ಚೆಂಡನ್ನು ಪ್ಯಾಂಟಿಗೆ ಉಜ್ಜಿ ಉಜ್ಜಿ ಓಡಿಬಂದಳು. ನಯನಾ ಬ್ಯಾಟು ಅಡ್ಡ ಕೊಟ್ಟು ತಡೆದಳು. ರನ್ ಇಲ್ಲ ಎಂದಳು.

"ಯಾಕೇ?" ಎಂದು ನಾನು ಗೆರೆಯಿಂದಲೇ ಕಿರುಚಿದೆ.

"ಯಾರ್ಕರ್ ಬಿತ್ತು ಮಿಸ್. ಹೆಂಗೆ ಹೊಡೀಲಿ?"

ಮುಂದಿನದು ಒಂದು ರನ್. ಆಮೇಲೆ ಎರಡು. ಒಂದು ಫೋರ್ ಎಂದಳು, ಮರುಕ್ಷಣ "ಇಲ್ಲ, ಗೆರೆಗೆ ಮುಂಚೆ ನಿಂತಿತು, ಮೂರು" ಎಂದು ತಿದ್ದಿ ಮೂರು ಸಲ ಓಡಿದಳು. ಆ ತುದಿಯಲ್ಲಿ ಜೊತೆಗಾತಿ ಸಿಕ್ಸರ್ ಮೇಲೆ ಸಿಕ್ಸರ್ ಬರೆಸುತ್ತಿದ್ದರೆ ಇವಳು ಬೆವರು ಸುರಿಸಿಕೊಂಡು ಓಡುತ್ತಿದ್ದಳು. ಅಂಜಿನಪ್ಪ ಆಟೊಗೆ ಒರಗಿ ನಿಂತು ಮಗಳನ್ನೇ ನೋಡುತ್ತಿದ್ದ. ಅವನಿಗೆ ಕ್ರಿಕೆಟ್ ಗೊತ್ತಿಲ್ಲ, ಆದರೆ ಬೋರ್ಡಿನ ಮೇಲಿನ ಅಂಕಿ ಓದಲು ಬರುತ್ತದೆ.

ಹತ್ತೊಂಬತ್ತು ರನ್ ಆಗಿತ್ತು. ನೂರ್ಜಹಾನ್ ಮತ್ತೆ ಓಡಿಬಂದಳು. ನಯನಾ ಮುಂದೆ ಕಾಲಿಟ್ಟು ಬ್ಯಾಟು ಬೀಸಿದಳು. ಎಲ್ಲರೂ ಅವಳ ಬಾಯಿ ನೋಡಿದರು. ಅವಳು ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು, ಗ್ಲೌಸು ಬಿಚ್ಚುತ್ತ ನನ್ನ ಕಡೆ ನಡೆದುಬಂದಳು.

"ಎಲ್ಲಿಗಮ್ಮಾ? ಯಾರೂ ಅಪೀಲ್ ಮಾಡಿಲ್ಲ!" ರುದ್ರಮುನಿಯವರು ಕುರ್ಚಿಯಿಂದ ಎದ್ದುನಿಂತರು.

"ಔಟ್ ಆದೆ ಸಾರ್. ಬ್ಯಾಟಿಗೆ ತಾಗಿ ಕೀಪರ್ ಕೈಗೆ ಹೋತು."

ಹರಿಹರದ ಕೀಪರು ಗಾಬರಿಯಿಂದ ತನ್ನ ಗ್ಲೌಸು ತೆರೆದು ಒಳಗೆ ನೋಡಿಕೊಂಡಳು. ನಾನು ಏನೇನು ಬೈದೆನೋ ನೆನಪಿಲ್ಲ. "ಬುದ್ಧಿ ನೆಟ್ಟಗೈತೇನೇ? ಎಲ್ಲೈತೆ ಚೆಂಡು? ತೋರಿಸು ನೋಡೋಣ! ಇಲ್ಲದ ಚೆಂಡು ಅದು ಹೆಂಗೆ ತಾಗಿತು?" ಎಂದು ಕೂಗಿದ್ದಂತೂ ಇಡೀ ಹರಿಹರಕ್ಕೆ ಕೇಳಿಸಿರಬೇಕು.

"ತಾಗಿತು ಮಿಸ್. ನನಗೆ ಗೊತ್ತಾತು. ಚೆಂಡು ನೋಡು, ಚೆಂಡು ನೋಡು ಅಂತ ನೀವೇ ಹೇಳ್ತಿದ್ರಲ್ಲ" ಎಂದಳು. ಕಣ್ಣ ತುಂಬ ನೀರಿತ್ತು, ಕೆಳಗೆ ಬೀಳದಂತೆ ತಡೆದುಕೊಂಡಿದ್ದಳು.

ಉಳಿದ ನಮ್ಮ ಹುಡುಗಿಯರಲ್ಲಿ ಯಾರೂ ಔಟಾಗಲಿಲ್ಲ. ಪಂದ್ಯ ಮುಗಿದ ಮೇಲೆ ರುದ್ರಮುನಿಯವರು ಬಹಳ ಹೊತ್ತು ಸ್ಕೋರ್ ಪುಸ್ತಕ ತಿರುವಿ ಹಾಕಿದರು. "ಬ್ಯಾಟಿಂಗ್‌ನಾಗೆ ಆ ಔಟಾದ ಹುಡುಗೀನ ಬಿಟ್ರೆ ಎಲ್ಲರದೂ ನಾಟೌಟು, ಎಲ್ಲರದೂ ಬರೀ ಸಿಕ್ಸರು. ಇದರಾಗೆ ಯಾರನ್ನ ಅಂತ ಆರಿಸ್ಲಿ? ಇಡೀ ದಿನ ವಿಕೆಟ್ ತಗೊಂಡೋಳು ಒಬ್ಬಳೇ" ಎಂದು ನೂರ್ಜಹಾನಳ ಹೆಸರು ಬರೆದರು.

ಜಗಳ ಮಾಡಬೇಕೆಂದು ಎದ್ದೆ. ಅಷ್ಟರಲ್ಲಿ ನೂರ್ಜಹಾನ್ ಓಡಿಬಂದು ನಯನಾಳ ಎದುರಿಗೆ ನಿಂತಳು.

"ನಿಜವಾಗ್ಲೂ ತಾಗಿತ್ತಾ?"

"ಹೂಂ. ಒಳಗೆ ಬರ್ತೈತೆ ಅಂದ್ಕೊಂಡೆ. ಬಿದ್ದ ಮ್ಯಾಲೆ ಹೊರಗೆ ಹೋತು."

"ಹೌದು ಕಣೇ!" ನೂರ್ಜಹಾನಳ ಮುಖ ಅರಳಿತು. "ಹಂಗೇ ಬಿಟ್ಟಿದ್ದೆ ನಾನು. ಯಾರೂ ನೋಡ್ಲಿಲ್ಲ ಅಂದ್ಕೊಂಡಿದ್ದೆ."

"ಭಾಳ ಚಲೋ ಬಾಲು" ಎಂದಳು ನಯನಾ. ಜಗಳಕ್ಕೆ ಎದ್ದಿದ್ದ ನಾನು ವಾಪಸು ಕೂತೆ.

ಸಂಜೆ ಹೊರಡುವಾಗ ನಯನಾ ಬ್ಯಾಟನ್ನು ತನ್ನ ದುಪಟ್ಟಾದಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟಳು. ಅಂಜಿನಪ್ಪ ಅದನ್ನು ತೆಗೆದುಕೊಳ್ಳಲಿಲ್ಲ. ತಲೆ ಕೆರೆದುಕೊಂಡ.

"ಅಲ್ಲೇ, ಚೆಂಡೇ ಇರ್ಲಿಲ್ವಲ್ಲ. ಇದೊಂದು ಮ್ಯಾಚಾ? ಇದು ಲೆಕ್ಕಕ್ಕಿಲ್ಲ ಬಿಡು. ನಮ್ಮ ಮಾತು ಹಂಗೇ ಉಳೀತು, ನಿಜವಾದ ಸೆಲೆಕ್ಷನ್ ಆದಾಗ ನೋಡೋಣ."

ಮನಸ್ಸಿನಲ್ಲೇ ಅವನಿಗೆ ಕೈಮುಗಿದೆ. ಹೂಂ ಅನ್ನೇ ಹುಡುಗಿ, ಒಂದೇ ಒಂದು ಸಲ ಹೂಂ ಅನ್ನು ಎಂದು ಅವಳನ್ನೇ ನೋಡಿದೆ.

"ಲೆಕ್ಕಕ್ಕೈತೆ ಅಪ್ಪಾ. ನಾನು ಔಟ್ ಆಗೀನಿ. ಒಪ್ಪಿದ್ದೆನಲ್ಲ, ಅಟ್ಟದ ಮ್ಯಾಲೆ ಇಡು" ಎಂದಳು. ಅಷ್ಟು ಹೇಳುವುದರೊಳಗೆ ತಡೆದಿದ್ದ ಅಳು ಕಟ್ಟೆ ಒಡೆದು ಬಂತು. ಕರಾರಿನಲ್ಲಿ ಅವಳು ಮುರಿದದ್ದು ಅಳಬಾರದು ಎಂಬುದೊಂದನ್ನು ಮಾತ್ರ.

ಅಂಜಿನಪ್ಪ ಬ್ಯಾಟು ತೆಗೆದುಕೊಂಡು, ಆಟೊದ ಸೀಟಿನಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ಮೇಡಂ, ನನಗೆ ಈ ಆಟ ಗೊತ್ತಿಲ್ಲ, ಅದಕ್ಕೆ ಕೇಳ್ತೀನಿ. ಔಟ್ ಆದೋರು ಮುಂದಿನ ಮ್ಯಾಚ್ ಆಡಂಗಿಲ್ಲ ಅಂತ ಏನಾದ್ರೂ ರೂಲ್ಸ್ ಐತಾ?"

"ಇಲ್ಲ ಅಂಜಿನಪ್ಪಾ, ಹಂಗೆ ಯಾವ ರೂಲ್ಸೂ ಇಲ್ಲ" ಎಂದೆ.

ಅವನು ದುಪಟ್ಟಾ ಬಿಚ್ಚಿ ಮಗಳ ಹೆಗಲಿಗೆ ಹಾಕಿದ, ಬ್ಯಾಟನ್ನು ಅವಳ ಕೈಗೆ ತುರುಕಿದ.

"ಮತ್ತೆ ಯಾಕ ಅಳ್ತೀಯ? ಬಾ, ಆಟೊ ಹತ್ತು" ಎಂದ.