ಅಂಗಳದ ಹಾಸು

ದೊಡ್ಡ ಲಡಾಯಿಯ ಕಾಲ. ಇಚಲಕರಂಜಿಗೆ ಬಂದ ವಾರದಲ್ಲೇ ಯಲಗೂರಪ್ಪನಿಗೆ ಕರೆಂಟಿನ ಮಗ್ಗದಲ್ಲಿ ಪಾಳಿ ಸಿಕ್ಕಿತು, ಹೆಂಡತಿ ಶಿವವ್ವನಿಗೆ ಕೈಮಗ್ಗದವರ ನೂಲಿಗೆ ಗಂಜಿ ಹಚ್ಚುವ ಕೆಲಸ. ಸಿಗದೆ ಹೋದದ್ದು ತಲೆಯ ಮೇಲೊಂದು ಸೂರು. ಪಕ್ಕದ ಕಬನೂರಿನಲ್ಲಿ ಜಾತಿ ಕೇಳಿ ಕದ ಹಾಕಿದರು, ಶಹಾಪುರದಲ್ಲಿ ಊರು ಕೇಳಿ ಹಾಕಿದರು. ಇವರು ನೇಯ್ದ ಬಟ್ಟೆ ಉಡಲು ಯಾರಿಗೂ ಅಡ್ಡಿಯಿಲ್ಲ, ಇವರು ಮಾತ್ರ ಪಕ್ಕದಲ್ಲಿರಬಾರದು! ಕೊನೆಗೆ ಬಾಗಲಕೋಟೆ ಕಡೆಯ ನಾಲ್ಕಾರು ಸಂಸಾರಗಳು ಕಾಕಾಸಾಹೇಬ ಸಾವ್ಕಾರರ ಖಾಲಿ ಜಾಗದಲ್ಲಿ ತಗಡು, ಚಾಪೆ ಸೇರಿಸಿ ಗುಡಿಸಲು ಹಾಕಿಕೊಂಡವು. ಶಿವವ್ವ ಅಲ್ಲಿಯೇ ಹೆಣ್ಣು ಹಡೆದಳು.

ಈಗ ಸಾವ್ಕಾರರು ಅಲ್ಲಿ ಮಗ್ಗದ ಶೆಡ್ಡು ಕಟ್ಟುವವರಿದ್ದರು. ನಾಳೆ ಮುಂಜಾನೆ ಕೆಡವುತ್ತೇವೆಂದು ಅವರ ಆಳುಗಳ ಮೇಲಿನ ಮುಕಾದಮ ಮಲ್ಲಾರಿ ಹೇಳಿ ಹೋಗಿದ್ದ. ಹಸುಗೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದೋ ಶಿವವ್ವನಿಗೆ ತಿಳಿಯದು. ಹಾಗೆಂದು ಗಂಜಿ ಹಚ್ಚಲು ಒಪ್ಪಿಕೊಂಡ ಹಾಸನ್ನು, ಮಗ್ಗಕ್ಕೆ ಏರಿಸುವ ಉದ್ದೆಳೆಗಳ ಆ ಸಾಲನ್ನು, ಬಿಟ್ಟರೆ ಇದ್ದ ಕೆಲಸಕ್ಕೂ ಕುತ್ತು. ಬೆಳಗಾಗುತ್ತಲೇ ಆ ಉದ್ದನೆಯ ನೂಲನ್ನು ಗುಡಿಸಲುಗಳ ಮುಂದೆ ಚಾಚಿ ಗೂಟಕ್ಕೆ ಬಿಗಿದಳು. ನೆರೆಯ ತಾರವ್ವ ಆಚೆ, ತಾನು ಈಚೆ ನಿಂತು ಕುಂಚದಿಂದ ಗಂಜಿ ತೀಡತೊಡಗಿದರು.

ಮಲ್ಲಾರಿ ಆಳುಗಳೊಂದಿಗೆ ಹಾರೆ ಹಿಡಿದು ಬಂದ. "ಬಾಜೂಲಾ ವ್ಹಾ, ಬಾಜೂಕ ಸರೀರಿ! ಇದೇನ ಆಟ ಹೂಡೀರಿ?"

"ಆಟ ಅಲ್ರೀ ಮುಕಾದಮರ, ಹಾಸು. ಗಂಜಿ ಇನ್ನೂ ಹಸಿ ಐತಿ," ಎಂದಳು ಶಿವವ್ವ.

ನೇಕಾರರ ಕೇರಿಯಲ್ಲಿ ಚಾಚಿದ ಹಾಸನ್ನು ಯಾರೂ ದಾಟುವುದಿಲ್ಲ; ಮದುವೆಯ ದಿಬ್ಬಣವೂ ಸುತ್ತು ಹಾಕಿಯೇ ಹೋಗುತ್ತದೆ. ಇಲ್ಲಿ ಅಂಚಿನಲ್ಲಿ ಒಬ್ಬರು ನುಸುಳುವಷ್ಟು ಸಂದು ಬಿಟ್ಟರೆ, ಅದನ್ನು ದಾಟದೆ ಗುಡಿಸಲಿಗೆ ದಾರಿಯಿರಲಿಲ್ಲ; ಕೆಡವಿದ ತಗಡೂ ಅದರ ಮೇಲೇ ಬೀಳುತ್ತಿತ್ತು. ಮಲ್ಲಾರಿ ಸಿಟ್ಟಿನಲ್ಲಿ ಮುಂದೆ ನುಗ್ಗಿದ. ಹಾರೆ ತಾಗಿ ಒಂದು ಎಳೆ ಹರಿಯಿತು.

ಆದರೆ ಮಲ್ಲಾರಿ ಅಲ್ಲೇ ನಿಂತುಬಿಟ್ಟ. ಹಾರೆ ಕೆಳಗಿಟ್ಟ, ಚಪ್ಪಲಿ ಬಿಟ್ಟ. ಕೋಟಿನ ತೋಳೇರಿಸಿ ಕುಕ್ಕರಗಾಲಲ್ಲಿ ಕೂತು, ನೂರಾರು ಎಳೆಗಳ ನಡುವೆ ಹರಿದ ತುದಿಗಳನ್ನು ಹುಡುಕಿ ಬೆರಳಲ್ಲಿ ಹೊಸೆದು ಕೂಡಿಸಿದ. ಕೂಡಿಸಿದ ಜಾಗ ಯಾವುದೆಂದು ಶಿವವ್ವನಿಗೇ ಕಾಣಲಿಲ್ಲ. ಅಬ್ಬಾ, ಎಂಥ ಕೈ! ತನ್ನ ಮನೆ ಕೆಡವಲು ಬಂದ ಕೈ ಇದೇ ಎಂಬುದೂ ಆ ಗಳಿಗೆ ಅವಳಿಗೆ ಮರೆತುಹೋಯಿತು.

"ನಿಮ್ದೂ ಮಗ್ಗದ ಮನೀನ ಏನ್ರಿ?"

"ನಮ್ಮವ್ವ ಹಿಂಗ ಬೀದ್ಯಾಗ ತೀಡತಿದ್ಲು," ಎಂದ ಮಲ್ಲಾರಿ, ತಲೆಯೆತ್ತದೆ. ಎದ್ದು ಆಳುಗಳಿಗೆ ಹೇಳಿದ: "ನಡೀರಿ. ಹಾಸು ಇರೋತನಕ ಇಲ್ಲಿ ಹಾರಿ ಎತ್ತಬ್ಯಾಡ್ರಿ."

ಹಾಸು ಇರೋತನಕ! ಶಿವವ್ವ ತಾರವ್ವನ ಮುಖ ನೋಡಿದಳು, ತಾರವ್ವ ಶಿವವ್ವನ ಮುಖ ನೋಡಿದಳು.

ಮರುದಿನ ಅಲ್ಲಿ ತಾರವ್ವನ ಹಾಸು ಚಾಚಿತ್ತು. ಅದರ ಮರುದಿನ ಮತ್ತೊಬ್ಬಳದು. ಮಲ್ಲಾರಿ ದಿನಾ ಬಂದು ನೋಡಿ, "ಇವತ್ತೂ ಹಾಸ್ಯಾರ್ರಿ" ಎಂದು ಸಾವ್ಕಾರರಿಗೆ ಹೇಳಲು ಹೋಗುತ್ತಿದ್ದ. ಶಿವವ್ವನ ಮಗಳು ಆ ಗುಡಿಸಲಲ್ಲೇ ಅಂಬೆಗಾಲಿಟ್ಟಳು. ಮಳೆಗಾಲ ಹತ್ತಿರವಾದಾಗ ಸಾವ್ಕಾರರು ಬೇಸತ್ತು ಶೆಡ್ಡಿಗೆ ಬೇರೆ ಜಾಗ ಹಿಡಿದರು.

ಆ ಸುದ್ದಿ ತಂದ ದಿನ ಮಳೆ ಬಿದ್ದು, ಹಾಸಿಲ್ಲದೆ ಅಂಗಳ ಬರಿದಾಗಿತ್ತು. ಮಲ್ಲಾರಿ ಅಂಚಿನಲ್ಲೇ ಚಪ್ಪಲಿ ಬಿಟ್ಟ. ಹಾಸು ಇರುತ್ತಿದ್ದ ಜಾಗವನ್ನು ಕೆಸರಿನಲ್ಲಿ ಸುತ್ತು ಹಾಕಿಯೇ ಶಿವವ್ವನ ಬಾಗಿಲಿಗೆ ಬಂದ.